ಸೊನ್ನೆ ಹಾಜರಿ

"ಸೊನ್ನೆ," ಎಂದರು ನರೇಂದ್ರ ಸಾರ್, ಕನ್ನಡಕ ತೆಗೆದು ಮತ್ತೆ ಹಾಕಿಕೊಳ್ಳುತ್ತ. "ಹತ್ತಲ್ಲ, ಐದಲ್ಲ, ಸೊನ್ನೆ. ಮೂರು ತಿಂಗಳಲ್ಲಿ ಈ ಹುಡುಗಿ ಒಂದು ಸಲವೂ ಕ್ಲಾಸಿನ ಲಿಂಕ್ ಒತ್ತಿಲ್ಲ. ಇವಳಿಗೆ ಪಾಠ ಮುಟ್ಟಿದೆ ಅಂತ ಯಾವ ಧೈರ್ಯದ ಮೇಲೆ ಹೇಳುತ್ತೀರಿ ಮೇಡಂ?"

ಭಾಗ್ಯಜ್ಯೋತಿ ತೆಲುಗು ಸೀಮೆಯ ಗಡಿಯೂರಾದ ಮಕ್ತಲ್‌ನ ತನ್ನ ಮನೆಯ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದಳು. ಎದುರಿಗೆ ಮೂರು ಇಟ್ಟಿಗೆ, ಇಟ್ಟಿಗೆಗೆ ಒರಗಿಸಿದ ಫೋನು. ನಾರಾಯಣಪೇಟೆಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಅವಳು ಅರ್ಥಶಾಸ್ತ್ರದ ಗೆಸ್ಟ್ ಲೆಕ್ಚರರ್. ಕೊರೋನಾ ಬಂದು ಕಾಲೇಜಿಗೆ ಬೀಗ ಬಿದ್ದ ಮೇಲೆ ಈ ಮಾಳಿಗೆಯೇ ಅವಳ ತರಗತಿ, ಯಾಕೆಂದರೆ ಕೆಳಗೆ ಮನೆಯೊಳಗೆ ನೆಟ್‌ವರ್ಕ್ ಬರುವುದಿಲ್ಲ. ಪರದೆಯ ಮೇಲೆ ಅವಳಲ್ಲದೆ ಇನ್ನಿಬ್ಬರು ಇದ್ದರು. ವಿಶ್ವವಿದ್ಯಾಲಯದಿಂದ ಹಾಜರಿ ತಪಾಸಣೆಗೆ ನೇಮಕವಾದ ನರೇಂದ್ರ ಸಾರ್ ಒಬ್ಬರು, ಕಾಲೇಜಿನ ಪ್ರಿನ್ಸಿಪಾಲ್ ಭೀಮಶಂಕರ್ ಇನ್ನೊಬ್ಬರು. ಪ್ರಿನ್ಸಿಪಾಲರು ಆಗಿನಿಂದ ಬರೀ ತಲೆ ಆಡಿಸುತ್ತಿದ್ದರು.

ಸಹಿ ಹಾಕಬೇಕಾದ ಕಾಗದದಲ್ಲಿ ಹನ್ನೊಂದು ಹೆಸರಿದ್ದವು. "ಈ ಕೆಳಗಿನ ವಿದ್ಯಾರ್ಥಿಗಳಿಗೆ ಪಾಠ ತಲುಪಿಲ್ಲವೆಂದು ದೃಢೀಕರಿಸುತ್ತೇನೆ" ಎಂದು ಮೇಲೆ ಬರೆದಿತ್ತು. ಅವಳು ಸಹಿ ಹಾಕಿದರೆ ಆ ಹನ್ನೊಂದು ಮಂದಿಗೆ ಹಾಲ್ ಟಿಕೆಟ್ ಇಲ್ಲ, ಪರೀಕ್ಷೆ ಇಲ್ಲ, ಒಂದು ವರ್ಷ ಮಣ್ಣುಪಾಲು. ಒಂದು ವರ್ಷವೇ ತಾನೇ ಎನ್ನುವವರು ಎನ್ನಲಿ. ಹೀಗೆ ಹಾಜರಿ ಸಾಲದೆ ಹಿಂದೆ ಮನೆಗೆ ಹೋದ ಮೂವರು ಹುಡುಗಿಯರಲ್ಲಿ ಒಬ್ಬಳೂ ತಿರುಗಿ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಭಾಗ್ಯಜ್ಯೋತಿಗೆ ಆ ಮೂವರ ಹೆಸರೂ ಬಾಯಿಪಾಠವಾಗಿದ್ದವು.

"ಪಾಠ ಮುಟ್ಟೈತಿ ಸಾರ್," ಎಂದಳು. ಮಾತು ತೆಲುಗಿನಲ್ಲೇ ನಡೆದಿತ್ತು, ಆದರೆ ಸಿಟ್ಟು ಬಂದಾಗ ಅವಳ ತೆಲುಗಿನೊಳಗೆ ರಾಯಚೂರು ಸೀಮೆಯ ಕನ್ನಡ ನುಗ್ಗಿಬಿಡುತ್ತಿತ್ತು. "ಲಿಂಕಿನ್ಯಾಗ ಮುಟ್ಟಿಲ್ಲ, ಕಾರ್ಡಿನ್ಯಾಗ ಮುಟ್ಟೈತಿ. ಅದಕ್ಕ ನಾ ಸಹಿ ಹಾಕಂಗಿಲ್ಲ."

ಕಾರ್ಡಿನ ವಿಷಯ ಇಷ್ಟೇ. ಅವಳ ತರಗತಿಯ ಹನ್ನೊಂದು ಮಂದಿ ಕುರಿ ಸಾಕುವವರ ಮನೆಯ ಮಕ್ಕಳು. ದೀಪಾವಳಿ ಕಳೆಯುತ್ತಲೇ ಅವರ ಹಿಂಡುಗಳು ಹೊಳೆ ದಾಟಿ ಗದ್ವಾಲದ ಆಚೆ, ಮಾನೋಪಾಡು, ಉಂಡವಳ್ಳಿ ಕಡೆಯ ನೀರಾವರಿ ಹೊಲಗಳಿಗೆ ಹೋಗುತ್ತವೆ. ಕಾಲೇಜು ನಡೆಯುತ್ತಿದ್ದಾಗ ಮಕ್ಕಳು ಹಾಸ್ಟೆಲಿನಲ್ಲಿ ಉಳಿಯುತ್ತಿದ್ದರು. ಹಾಸ್ಟೆಲ್ ಮುಚ್ಚಿದ್ದರಿಂದ ಅವರೂ ಹಿಂಡಿನ ಜೊತೆ ನಡೆದರು. ಅಲ್ಲಿ ಇವತ್ತು ಈ ಹೊಲ, ನಾಳೆ ಇನ್ನೊಂದು ಹೊಲ. ಚಾರ್ಜ್ ಮಾಡಲು ಕರೆಂಟಿಲ್ಲ, ದೊಡ್ಡ ಫೋನಿಲ್ಲ. ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು ಮತ್ತು ಹಾಡು ಕೇಳುವ ಸ್ಪೀಕರ್ ಡಬ್ಬಿ. ಮಕ್ತಲ್ ಬಸ್‌ಸ್ಟ್ಯಾಂಡಿನ ಎದುರು ನರಸಿಂಹುಲು ಎಂಬಾತನ ಮೊಬೈಲ್ ಅಂಗಡಿಯಿದೆ. ಕುರಿಗಾರರು ತಮ್ಮ ಮೆಮೊರಿ ಕಾರ್ಡಿಗೆ ಬೀರಪ್ಪನ ಡೊಳ್ಳಿನ ಪದ, ಮೈಲಾರಲಿಂಗನ ಪದ ತುಂಬಿಸಿಕೊಳ್ಳುವುದು ಅಲ್ಲಿಯೇ. ಊರಿನಿಂದ ಹಿಂಡಿಗೆ ಜೋಳದ ಹಿಟ್ಟು ಒಯ್ಯುವವರು ಹಿಟ್ಟಿನ ಜೊತೆಗೆ ಕಾರ್ಡನ್ನೂ ಒಯ್ಯುತ್ತಾರೆ.

ಇದನ್ನು ನೋಡಿಯೇ ಭಾಗ್ಯಜ್ಯೋತಿಗೆ ದಾರಿ ಹೊಳೆದದ್ದು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಅದೇ ಪಾಠವನ್ನು ಫೋನಿನಲ್ಲಿ ಮತ್ತೊಮ್ಮೆ ಹೇಳಿ ರೆಕಾರ್ಡು. ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ, ಯಾಕೆಂದರೆ ಈ ಹನ್ನೊಂದರಲ್ಲಿ ಏಳು ಮಂದಿ ಹತ್ತನೆಯವರೆಗೆ ಕೃಷ್ಣೆಯ ಕಡೆಯ ಕನ್ನಡ ಶಾಲೆಯಲ್ಲಿ ಕಲಿತವರು. ಹದಿನೈದು ದಿನಕ್ಕೊಮ್ಮೆ ಅದನ್ನೆಲ್ಲ ನರಸಿಂಹುಲುವಿನ ಅಂಗಡಿಗೆ ಕೊಡುವಳು. ಅವನು ಕಾರ್ಡಿಗೆ ತುಂಬುವನು, ಹಿಟ್ಟಿನವರು ಒಯ್ಯುವರು. ಯಾರೂ ಮಾಡು ಎಂದು ಹೇಳಿರಲಿಲ್ಲ, ಯಾರೂ ಇದಕ್ಕೆ ಸಂಬಳ ಕೊಡುತ್ತಿರಲಿಲ್ಲ.

ನರೇಂದ್ರ ಸಾರ್ ಎಲ್ಲವನ್ನೂ ಕೇಳಿದರು. ಕೇಳಿ, "ಕಾರ್ಡಿಗೆ ನಮ್ಮ ಹಾಜರಿ ಆ್ಯಪ್‌ನಲ್ಲಿ ಕಾಲಂ ಇಲ್ಲ ಮೇಡಂ," ಎಂದರು.

ಲಿಂಕ್ ಒತ್ತಿದವರೆಲ್ಲ ಪಾಠ ಕೇಳಿದವರು, ಒತ್ತದವರೆಲ್ಲ ಕೇಳದವರು! ಅದೇ ತರಗತಿಯಲ್ಲಿ ನೂರಕ್ಕೆ ನೂರು ಹಾಜರಿಯಿದ್ದ ಮಹಾರಾಯನೊಬ್ಬ ದಿನಾ ಲಿಂಕ್ ಒತ್ತಿ, ಫೋನನ್ನು ದಿಂಬಿನ ಪಕ್ಕ ಇಟ್ಟು ಮಲಗುತ್ತಿದ್ದ. ಒಂದು ದಿನ ಅವನ ಗೊರಕೆ ಇಡೀ ತರಗತಿಗೆ ಕೇಳಿಸಿತ್ತು. ಅವನ ಹೆಸರು ಮಾತ್ರ ಈ ಪಟ್ಟಿಯಲ್ಲಿ ಇರಲಿಲ್ಲ.

ಭಾಗ್ಯಜ್ಯೋತಿ ಈ ಗೊರಕೆಯ ಕಥೆಯನ್ನೂ ಹೇಳಿಬಿಟ್ಟಳು. ಪ್ರಿನ್ಸಿಪಾಲರು ಕೆಮ್ಮಿದರು. ನರೇಂದ್ರ ಸಾರ್ ನಗಲಿಲ್ಲ. ಪಟ್ಟಿಯ ಮೇಲೆ ಕಣ್ಣಾಡಿಸಿ, "ಸರಿ," ಎಂದರು. "ನಿಮ್ಮ ಮಾತು ನಿಜವಾದರೆ ನಾಳೆ ಹನ್ನೊಂದು ಗಂಟೆಗೆ ಈ ಸೊನ್ನೆಯ ಹುಡುಗಿಯನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿ. ಏನು ಹೆಸರು, ಮೌನಿಕಾ. ನಾನೇ ಪ್ರಶ್ನೆ ಕೇಳುತ್ತೇನೆ. ಉತ್ತರ ಬಂದರೆ ಹನ್ನೊಂದೂ ಹೆಸರು ತೆಗೆಯುತ್ತೇನೆ. ಬಾರದಿದ್ದರೆ ನೀವು ಸಹಿ ಹಾಕಬೇಕು."

"ಒಪ್ಪಿದೆ ಸಾರ್," ಎಂದಳು ಭಾಗ್ಯಜ್ಯೋತಿ. ಒಪ್ಪುವ ಮುಂಚೆ ಯೋಚನೆ ಮಾಡಬೇಕಿತ್ತು ಎಂದು ಅವಳಿಗೆ ಹೊಳೆದದ್ದು ಪರದೆ ಕಪ್ಪಾದ ಮೇಲೆ.

ಐದು ನಿಮಿಷದಲ್ಲಿ ಪ್ರಿನ್ಸಿಪಾಲರ ಫೋನು. "ಏನ್ ಮಾಡಾಕ ಹತ್ತೀರಿ ಮೇಡಂ? ಒಂದ್ ಸಹಿ ಒಗದ್ರ ಮುಗೀತಿತ್ತು. ಮೇ ತಿಂಗಳಾಗ ನಿಮ್ಮ ರಿನ್ಯೂವಲ್ ಐತಿ, ಮರ್ತೀರೇನು?"

"ಮರ್ತಿಲ್ರಿ ಸಾರ್. ರಿನ್ಯೂವಲ್ ಆಗಲಿಲ್ಲಂದ್ರ ಮನ್ಯಾಗ ಕುಂಡ್ರತೀನಿ. ಸುಳ್ಳು ಸಹಿ ಹಾಕಿ ಮಂದಿ ಮಕ್ಕಳನ್ನ ಮನ್ಯಾಗ ಕುಂಡ್ರಸಂಗಿಲ್ಲ."

"ನಿಮ್ಮದು ಭಾಳ ಆತು ನೋಡ್ರಿ," ಎಂದು ಅವರು ಫೋನಿಟ್ಟರು. ಭಾಗ್ಯಜ್ಯೋತಿಗೆ ಹೆದರಿಕೆಯಿತ್ತು, ಇಲ್ಲವೆಂದರೆ ಸುಳ್ಳು. ಅವಳು ಸೀದಾ ನರಸಿಂಹುಲುವಿನ ಅಂಗಡಿಗೆ ಹೋದಳು. ಮೌನಿಕಾಳ ಅಪ್ಪ ಬಾಲಯ್ಯನ ಹಿಂಡು ಈ ವಾರ ಮಾನೋಪಾಡಿನ ಆಚೆ ಕಾಲುವೆಯ ಹತ್ತಿರ ಇದೆ ಎಂದು ಅವನು ಹೇಳಿದ. ಹಿಟ್ಟು ಒಯ್ದವರು ನಿನ್ನೆಯಷ್ಟೇ ಅಲ್ಲಿಂದ ಬಂದಿದ್ದರಂತೆ.

ಮರುದಿನ ಮೊದಲ ಬಸ್ಸಿಗೆ ಹೊರಟು, ಗದ್ವಾಲದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಮಾನೋಪಾಡಿಗೆ ಬಂದಾಗ ಒಂಬತ್ತೂವರೆ. ಮಾಸ್ಕಿನೊಳಗೆ ಬೆವರು. ಊರ ಹೊರಗಿನ ಬೇವಿನ ಮರದ ಕೆಳಗೆ ಕಂಬಳಿ ಹೊದ್ದ ಮುದುಕನೊಬ್ಬ ಕೂತಿದ್ದ. ಸುತ್ತ ಅವನ ಕುರಿಗಳು ಮೇಯುತ್ತಿದ್ದವು.

"ಅಣ್ಣಾ, ಬಾಲಯ್ಯನ ಕುರಿ ಹಿಂಡು ಎಲ್ಲಿ ಐತಿ, ಗೊತ್ತೇನ್ರಿ? ಮಕ್ತಲ್ ಕಡೆಯೋರು."

ಮುದುಕ ತಲೆ ವಾರೆ ಮಾಡಿ ಅವಳ ಮಾಸ್ಕನ್ನೇ ನೋಡಿದ. "ಇನ್ನೊಮ್ಮಿ ಮಾತಾಡ್ರಿ."

"ಬಾಲಯ್ಯನ ಹಿಂಡು..."

"ಅರೆ! ನೀವು ಬೇಡಿಕಿ ಅಕ್ಕೋರಲ್ಲೇನ್ರಿ?" ಎಂದು ಅವನು ಎದ್ದೇ ನಿಂತ. "ನಾ ಖಂಡಪ್ಪ ರೀ. ನಮ್ಮ ಡಬ್ಬ್ಯಾಗ ದಿನಾ ಸಂಜಿಕೆ ನೀವು ಮಾತಾಡ್ತೀರಿ. ಬೇಡಿಕಿ ಅಂದ್ರೇನು, ಪೂರೈಕಿ ಅಂದ್ರೇನು. ಅದನ್ನ ಕೇಳಿದ್ರ ನಿದ್ದಿ ಎಷ್ಟ್ ಚಲೋ ಬರ್ತೈತ್ರಿ!"

ಭಾಗ್ಯಜ್ಯೋತಿಗೆ ಏನೂ ತಿಳಿಯಲಿಲ್ಲ. ಖಂಡಪ್ಪನ ಮನೆಯಲ್ಲಿ ಕಾಲೇಜಿಗೆ ಹೋಗುವವರು ಯಾರೂ ಇರಲಿಲ್ಲ. ಕೇಳುತ್ತ ಹೋದಂತೆ ಗುಟ್ಟು ರಟ್ಟಾಯಿತು. ನರಸಿಂಹುಲು ಹನ್ನೊಂದು ಕಾರ್ಡು ಬೇರೆ ಮಾಡುವ ಗೋಜಿಗೇ ಹೋಗಿರಲಿಲ್ಲ. ಹಾಡು ಮತ್ತು ಪಾಠ ಎರಡನ್ನೂ ಒಂದೇ ಕಡೆ ಸುರಿದು, ಹಾಡು ಬೇಕೆಂದು ಬಂದ ಎಲ್ಲ ಕುರಿಗಾರರ ಕಾರ್ಡಿಗೂ ಅದನ್ನೇ ತುಂಬಿ ಕಳಿಸಿದ್ದ. ಮಕ್ತಲ್‌ನಿಂದ ಉಂಡವಳ್ಳಿಯ ತನಕ ಬೀರಪ್ಪನ ಎರಡು ಪದಗಳ ನಡುವೆ ಭಾಗ್ಯಜ್ಯೋತಿ ಅರ್ಥಶಾಸ್ತ್ರ ಹೇಳುತ್ತಿದ್ದಳು. ನರಸಿಂಹುಲುವನ್ನು ಬೈಯಬೇಕೋ, ಅವನಿಗೆ ಕೈ ಮುಗಿಯಬೇಕೋ ಅವಳಿಗೆ ಗೊತ್ತಾಗಲಿಲ್ಲ. ಆದರೆ ಎದೆ ಮಾತ್ರ ಹಗುರಾಯಿತು. ಆ್ಯಪ್‌ನ ಲೆಕ್ಕಕ್ಕೆ ಸಿಗದ ಅವಳ ದನಿಗೆ ಇಲ್ಲಿ ಬೇವಿನ ಮರದ ಕೆಳಗೆ ಗುರುತು ಸಿಕ್ಕಿತ್ತು.

ಖಂಡಪ್ಪ ದಾರಿ ತೋರಿಸಿದ. ಕಾಲುವೆಯ ಏರಿ ಹತ್ತಿ ಅರ್ಧ ಗಂಟೆ ನಡೆದ ಮೇಲೆ ಬಾಲಯ್ಯನ ಹಿಂಡು ಕಾಣಿಸಿತು. ಭತ್ತ ಕೊಯ್ದ ಹೊಲದಲ್ಲಿ ಇನ್ನೂರು ಕುರಿ ಹರಡಿಕೊಂಡಿದ್ದವು. ಅಮ್ಮ ಕೈ ಮುರಿದುಕೊಂಡು ಊರಿನಲ್ಲೇ ಉಳಿದಿದ್ದರಿಂದ ಅಪ್ಪನ ಜೊತೆ ಹಿಂಡು ಕಾಯುವ ಕೆಲಸ ಮೌನಿಕಾಳದೇ ಆಗಿತ್ತು. ಚೂಡಿದಾರದ ಮೇಲೆ ಅಪ್ಪನ ಹಳೆಯ ಅಂಗಿ, ಕೈಯಲ್ಲಿ ಕೋಲು. ಮೇಡಂ ಅವರನ್ನು ಕಂಡು ಅವಳು ಓಡಿಬಂದಳು, ಹತ್ತಿರ ಬಂದು ಕಾಲಿನ ಕೆಸರು ನೋಡಿಕೊಂಡು ನಾಚಿ ನಿಂತಳು.

ವಿಷಯ ಕೇಳಿ ಬಾಲಯ್ಯ ತಲೆ ಕೆರೆದುಕೊಂಡ. "ಪರೀಕ್ಷಿ ಮಾಡ್ರಿ ಅಕ್ಕೋರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹನ್ನೊಂದಕ್ಕ ಕುರಿ ನೀರಿಗಿ ಬಿಡೋ ಹೊತ್ತು. ನೀರಿನ ವಾಸನಿ ಬಡೀತಂದ್ರ ಇವು ನಿಲ್ಲಂಗಿಲ್ಲ. ಕುರಿಗಿ ಪರೀಕ್ಷಿ ಗೊತ್ತೈತೇನ್ರಿ?"

ಹೊಲದಲ್ಲಿ ನೆಟ್‌ವರ್ಕ್ ಇರಲಿಲ್ಲ. ಫೋನು ಹಿಡಿದು ಏರಿಯ ಮೇಲೆ ಆ ಕಡೆ ಈ ಕಡೆ ನಡೆದಾಗ ಎರಡು ಗೆರೆ ಸಿಕ್ಕಿದ್ದು ಒಂದೇ ಜಾಗದಲ್ಲಿ. ಅದೂ ಎಲ್ಲಿ! ಕುರಿಗಳು ಏರಿ ಹತ್ತಿ ಕಾಲುವೆಗೆ ಇಳಿಯುವ ಇಳಿಜಾರಿನ ತಲೆಯಲ್ಲಿ. ಬಾಲಯ್ಯ ಅದನ್ನು ನೋಡಿ ಹಿಂಡಿನ ಕಡೆ ಹೋದ.

ಇನ್ನು ಕಾಲು ಗಂಟೆಯಿತ್ತು. ಭಾಗ್ಯಜ್ಯೋತಿ ಗಡಿಬಿಡಿಯಲ್ಲಿ ಪಾಠ ಒಪ್ಪಿಸಿಕೊಳ್ಳತೊಡಗಿದಳು. ಬೇಡಿಕೆಯ ನಿಯಮ? ಬೆಲೆ ಏರಿದರೆ ಕೊಳ್ಳುವುದು ಕಡಿಮೆ. ಗೆರೆ ಹೇಗಿರುತ್ತದೆ? ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ. ಮೌನಿಕಾ ತಡೆಯಿಲ್ಲದೆ ಹೇಳುತ್ತಿದ್ದಳು.

"ಶಾಬಾಸ್. ಇನ್ನ ಬೆಲಿ ಏರಿದ್ರೂ ಬೇಡಿಕಿ ಹೆಚ್ಚಾದ್ರ? ನಾಲ್ಕನೇ ಪಾಠದಾಗ ಹೇಳಿದ್ನಲ್ಲ."

ಮೌನಿಕಾ ಕಣ್ಣು ಬಿಟ್ಟಳು. "ನಾಲ್ಕನೇ ಪಾಠ ಇಲ್ರಿ ಮೇಡಂ. ಮೂರು ಮುಗಿದ ಮ್ಯಾಲ ಮೈಲಾರಲಿಂಗನ ಪದ ಐತಿ. ದೊಡ್ಡದು, ಮುಕ್ಕಾಲು ತಾಸಿನದು. ಅದಾದ ಮ್ಯಾಲ ಐದನೇದೇ ಬರ್ತೈತ್ರಿ."

"ಅಯ್ಯೋ ಇವನ ಕೈ ಸೇದಿಹೋಗ!" ಎಂದು ಭಾಗ್ಯಜ್ಯೋತಿ ನರಸಿಂಹುಲುವಿಗೆ ಶಾಪ ಹಾಕಿದಳು. ಕಾರ್ಡಿನಲ್ಲಿ ಜಾಗ ಸಾಲದೆ ಪುಣ್ಯಾತ್ಮ ಪಾಠವನ್ನು ಕಿತ್ತು ಪದ ಉಳಿಸಿದ್ದ. ಇಡೀ ಪಠ್ಯದಲ್ಲಿ ಅತ್ಯಂತ ಕಷ್ಟದ ಪಾಠ ಅದು, ಪ್ರಶ್ನೆ ಕೇಳುವವರು ಮೊದಲು ಕೈಹಾಕುವುದೂ ಅದಕ್ಕೇ. "ಕೇಳಿಲ್ಲಿ ಮೌನಿಕಾ, ಲಗೂ ಹೇಳಿಬಿಡ್ತೀನಿ..." ಎನ್ನುವಷ್ಟರಲ್ಲಿ ಫೋನು ರಿಂಗಾಯಿತು. ನರೇಂದ್ರ ಸಾರ್ ಐದು ನಿಮಿಷ ಮುಂಚೆಯೇ ಬಂದಿದ್ದರು.

ಪರದೆಯಲ್ಲಿ ಮೇಡಂ ಮತ್ತು ಹುಡುಗಿ ಇಬ್ಬರನ್ನೂ ಒಟ್ಟಿಗೆ ಕಂಡು ಅವರ ಹುಬ್ಬು ಗಂಟಾಯಿತು. "ಹೀಗಾಗದು. ನೀವು ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಅದು ಪರೀಕ್ಷೆಯೇ? ಐವತ್ತು ಹೆಜ್ಜೆ ದೂರ ಹೋಗಿ. ಅಲ್ಲಿಂದ ಎರಡೂ ಕೈ ಎತ್ತಿ ತೋರಿಸಿ. ಮುಗಿಯುವ ತನಕ ಒಂದು ಮಾತೂ ಆಡಬಾರದು."

ಭಾಗ್ಯಜ್ಯೋತಿ ಹೆಜ್ಜೆ ಎಣಿಸುತ್ತ ಏರಿಯ ಮೇಲೆ ನಡೆದಳು. ಮೂವತ್ತೇಳು ವರ್ಷದ ಹೆಂಗಸು, ಎಂಟು ವರ್ಷದ ಲೆಕ್ಚರರ್, ಕಳ್ಳಿಯ ಹಾಗೆ ಎರಡೂ ಕೈ ಮೇಲೆತ್ತಿ ನಿಂತಳು. ಅವಮಾನದಿಂದ ಕಿವಿ ಕೆಂಪಾದವು. ಎತ್ತುತ್ತೇನೆ, ಇದನ್ನೂ ಮಾಡುತ್ತೇನೆ, ಸಹಿ ಮಾತ್ರ ಹಾಕುವುದಿಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು.

ಗಾಳಿ ಬೀಸುತ್ತಿತ್ತು. ಫೋನಿನ ದನಿ ಕೇಳದೆ ಮೌನಿಕಾ ಓಡಿಹೋಗಿ ಬುಡ್ಡಿಯಂಥ ಸ್ಪೀಕರ್ ಡಬ್ಬಿಯನ್ನು ತಂದು ಫೋನಿಗೆ ಜೋಡಿಸಿದಳು. ಈಗ ನರೇಂದ್ರ ಸಾರ್ ಅವರ ದನಿ ಕಾಲುವೆಯ ಎರಡೂ ದಡಕ್ಕೆ ಕೇಳಿಸತೊಡಗಿತು. ಹೊಲದಲ್ಲಿ ಕುರಿಗಳು ತಲೆಯೆತ್ತಿದವು.

"ಬೇಡಿಕೆಯ ರೇಖೆ ಬರೆದು ತೋರಿಸು."

ಕಾಗದವಿರಲಿಲ್ಲ. ಮೌನಿಕಾ ಎಡಗೈಯಲ್ಲಿ ಫೋನು ಹಿಡಿದು, ಬಲಗೈಯ ಕೋಲಿನಿಂದ ನೆಲದ ಮೇಲೆ ಗೀರಿದಳು. ಒಂದು ನಿಂತ ಗೆರೆ ಬೆಲೆಗೆ, ಒಂದು ಮಲಗಿದ ಗೆರೆ ಮಾರಾಟಕ್ಕೆ, ನಡುವೆ ಓರೆಯಾಗಿ ಇಳಿಯುವ ಗೆರೆ ಬೇಡಿಕೆಗೆ. ಕುರಿ ಕಾಲಿನಿಂದ ಹಿಟ್ಟಾದ ಮಣ್ಣಿನಲ್ಲಿ ಅದು ಚೆನ್ನಾಗಿ ಮೂಡಿತು. ಬೆಲೆ ಏರಿದರೆ ಏನಾಗುತ್ತದೆ ಎಂದು ಕನ್ನಡ ತೆಲುಗು ಎರಡೂ ಬೆರೆಸಿ ಹೇಳಿದಳು.

"ಇದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು," ಎಂದಿತು ಡಬ್ಬಿ. "ನೀನು ಕುರಿ ಕಾಯುವವಳಲ್ಲವೇ, ನಿನ್ನದೇ ಪ್ರಶ್ನೆ ಕೇಳುತ್ತೇನೆ. ಬಕ್ರೀದ್ ಹಬ್ಬದ ಮುಂಚೆ ಕುರಿಯ ಬೆಲೆ ಏರುತ್ತದೆ. ಆದರೂ ಕೊಳ್ಳುವವರು ಹೆಚ್ಚಾಗುತ್ತಾರೆ, ಕಡಿಮೆಯಾಗುವುದಿಲ್ಲ. ಹಾಗಾದರೆ ನಿನ್ನ ಗೆರೆ ಸುಳ್ಳೇ?"

ನಾಲ್ಕನೇ ಪಾಠ. ಭಾಗ್ಯಜ್ಯೋತಿಯ ಎತ್ತಿದ ಕೈಗಳು ತಾವಾಗಿ ಕೆಳಗಿಳಿದವು. ಓಡಿಹೋಗಿ ಹೇಳಿಬಿಡಲೇ ಎನಿಸಿತು. ಗೆರಿ ಸರಿತೈತಿ ಎಂದು ಕೂಗಿದರೆ ಸಾಕು, ಎರಡೇ ಮಾತು. ತುಟಿ ಕಚ್ಚಿಕೊಂಡಳು. ಮೌನಿಕಾ ಅವಳ ಕಡೆ ತಿರುಗಿ ನೋಡಲಿಲ್ಲ. ನೆಲದ ಮೇಲಿನ ಗೆರೆಯನ್ನೇ ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ಕುರಿಗಳಿಗೆ ನೀರಿನ ವಾಸನೆ ಬಡಿದಿತ್ತು. ಇನ್ನೂರು ಕುರಿ ಒಂದೇ ಮೈಯಾಗಿ ಏರಿಯ ಕಡೆ ನುಗ್ಗಿದವು. ಇನ್ನು ಗೆರೆ ಉಳಿಯುವುದಿಲ್ಲ, ಹುಡುಗಿಯೂ ನಿಲ್ಲುವಂತಿಲ್ಲ ಎಂದುಕೊಂಡಳು ಭಾಗ್ಯಜ್ಯೋತಿ. ಆದರೆ ಬಾಲಯ್ಯ ಹಿಂಡಿನ ಹಿಂದೆ ಇರಲಿಲ್ಲ. ಓಡಿಬಂದು ಹಿಂಡಿಗಿಂತ ಮುಂದೆ, ಏರಿಯ ಬುಡದಲ್ಲಿ ಕೋಲನ್ನು ಅಡ್ಡ ಹಿಡಿದು, ಎರಡೂ ಕೈ ಚಾಚಿ ನಿಂತುಬಿಟ್ಟಿದ್ದ. ಬೆನ್ನು ಮಗಳ ಕಡೆಗೆ, ಮುಖ ಹಿಂಡಿಗೆ. "ಹೋ... ಹೋ... ನಿಲ್ರೋ!"

"ಏನಮ್ಮ? ಉತ್ತರ ಇಲ್ಲವೇ?" ಎಂದಿತು ಡಬ್ಬಿ.

"ಐತ್ರಿ ಸಾರ್," ಎಂದಳು ಮೌನಿಕಾ. ದನಿ ಗಟ್ಟಿಯಾಗಿತ್ತು. "ಗೆರಿ ಸುಳ್ಳಲ್ರಿ. ದಿನಾ ಕುರಿ ಕೊಳ್ಳೋರು ಈ ಗೆರಿ ಮ್ಯಾಲ ಅದಾರ. ಬೆಲಿ ಏರಿದ್ರ ಅವರು ಕಡಿಮಿ ಆಗೇ ಆಗ್ತಾರ, ನಾ ಸಂತ್ಯಾಗ ನೋಡೀನಿ. ಹಬ್ಬಕ್ಕ ಕೊಳ್ಳಾಕ ಬರೋರು ಬ್ಯಾರೆ ಮಂದಿ ಸಾರ್. ವರ್ಷದಾಗ ಒಮ್ಮಿ ಬರ್ತಾರ. ಅವರು ಈ ಗೆರಿ ಮ್ಯಾಲ ಇಲ್ಲ. ಅವರೂ ಸೇರಿದ್ರ..."

ಮಾತು ನಿಲ್ಲಿಸಿ ಅವಳು ಕುಕ್ಕರುಗಾಲಲ್ಲಿ ಕೂತಳು. ಕೋಲಿನ ತುದಿಯನ್ನು ಮೊದಲ ಗೆರೆಯ ಬಲಕ್ಕೆ, ಒಂದು ಗೇಣು ಆಚೆ ಊರಿದಳು. ಐವತ್ತು ಹೆಜ್ಜೆ ದೂರದಿಂದಲೂ ಭಾಗ್ಯಜ್ಯೋತಿಗೆ ಅವಳ ಕೈ ಕಾಣಿಸುತ್ತಿತ್ತು. ಕೈ ಮೇಲಿಂದ ಓರೆಯಾಗಿ ಕೆಳಕ್ಕೆ ಇಳಿಯಿತು. ಇನ್ನೊಂದು ಗೆರೆ. ಯಾರೂ ಹೇಳಿಕೊಡದ ಗೆರೆ. ಭಾಗ್ಯಜ್ಯೋತಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು, ಎರಡಕ್ಕೂ ಬಾಯಿ ತೆರೆಯುವಂತಿರಲಿಲ್ಲ.

ಡಬ್ಬಿಯಲ್ಲಿ ಕುರ್ಚಿ ಮುಂದಕ್ಕೆ ಎಳೆದುಕೊಂಡ ಸಪ್ಪಳ.

"ತಡಿ ತಡಿ... ಎರಡನೆಯದು ಸರಿಯಾಗಿ ಕಾಣುತ್ತಿಲ್ಲ. ಫೋನು ಇನ್ನೂ ಕೆಳಗೆ ಹಿಡಿ ತಾಯಿ."

ಮೌನಿಕಾ ಫೋನನ್ನು ನೆಲಕ್ಕೆ ಬಾಗಿಸಿದಳು. ಕೆಳಗೆ ಬಾಯಾರಿದ ಕುರಿಗಳು ಅರಚುತ್ತ ಬಾಲಯ್ಯನ ಮೊಣಕಾಲಿಗೆ ಒತ್ತುತ್ತಿದ್ದವು. ಅವನು ಕದಲಲಿಲ್ಲ. ಒಂದು ಮರಿ ಅವನ ಕಾಲ ಸಂದಿಯಿಂದ ನುಸುಳಿ ಏರಿ ಹತ್ತತೊಡಗಿತು. ಅವನು ಬಾಗಿ ಅದರ ಹಿಂಗಾಲು ಹಿಡಿದು ಎಳೆದು, ಕಂಕುಳಲ್ಲಿ ಇರುಕಿಕೊಂಡು, ಉಳಿದ ಒಂದು ಕೈಯನ್ನು ಮತ್ತೆ ಅಗಲಕ್ಕೆ ಚಾಚಿ ನಿಂತ.